ಯಲಬುರ್ಗಾದ ನಾಲ್ಕನೇ ನೋಡ್

ಯಲಬುರ್ಗಾಕ್ಕೆ ಹೊರಟ ಆ ಬೆಳಿಗ್ಗೆ ಬಸ್ಸಿನಲ್ಲಿ ಸೀಟು ಸಿಕ್ಕಿದ್ದರೂ ನಾನು ನಿಂತೇ ಇದ್ದೆ. ಹಳೆಯ ದುಪಟ್ಟಾದಲ್ಲಿ ಸುತ್ತಿದ ಪುಟ್ಟ ಕಂಪ್ಯೂಟರು ನನ್ನ ತೋಳಿನಲ್ಲಿತ್ತು. ಕುಕನೂರು ಬಂದಾಗ ಕಂಡಕ್ಟರು, "ಕುಂದರ್ರಿ ಯಕ್ಕಾ, ಇಷ್ಟು ಸೀಟ್ ಖಾಲಿ ಅದಾವಲ್ಲ" ಎಂದ. ಕುಂತೆ. ಬಸ್ಸು ಊರು ದಾಟುವಷ್ಟರಲ್ಲಿ ಮತ್ತೆ ಎದ್ದಿದ್ದೆ. ಮೊದಲಿಂದಲೂ ನಾನು ಹೀಗೇ. ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಯಲ್ಲಿ ಅವ್ವ ಊಟಕ್ಕೆ ಬಡಿಸಿದರೆ ಅರ್ಧ ರೊಟ್ಟಿ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಓಡಾಡುತ್ತಾ ತಿನ್ನುತ್ತೇನೆ. ಆದರೆ ಆ ವಾರದ ಚಡಪಡಿಕೆ ಬೇರೆ ಥರದ್ದು. ಅದಕ್ಕೆ ಕಾರಣ ನನ್ನ ಅಕ್ಕ.

ನಾನು ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು. ಕೊಪ್ಪಳದ ಒಂದು ತರಬೇತಿ ಕೇಂದ್ರದಲ್ಲಿ ಕೆಲವು ವರ್ಷ ಪಾಠ ಹೇಳಿ, ಆಮೇಲೆ ಬೀಜ ಬೆಳೆಗಾರರ ಸಂಘದಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ನಮ್ಮ ಕಡೆ ಟೊಮ್ಯಾಟೊ, ಮೆಣಸಿನಕಾಯಿ, ಬದನೆಯ ಹೈಬ್ರಿಡ್ ಬೀಜ ಮಾಡುವ ಮನೆಗಳು ಬಹಳ. ಹಸಿರು ನೆಟ್ಟಿನ ಕೆಳಗೆ ಸಾಲಾಗಿ ಗಿಡ. ಹೆಂಗಸರು ಸಂಜೆ ಮೊಗ್ಗು ಬಿಡಿಸಿ, ಚಿಮಟದಿಂದ ಗಂಡು ಭಾಗ ಕಿತ್ತಿಟ್ಟು, ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಹುಡಿ ಮುಟ್ಟಿಸುತ್ತಾರೆ. ಇದಕ್ಕೆ ಎಲ್ಲರೂ ಕ್ರಾಸಿಂಗ್ ಅನ್ನುತ್ತಾರೆ. ಕಾಯಿ ಹಣ್ಣಾದ ಮೇಲೆ ಬೀಜ ತೆಗೆದು, ತೊಳೆದು, ಒಣಗಿಸಿ, ಎಲ್ಲ ಸೇರಿಸಿ ಒಂದು ಲಾಟು ಮಾಡಿ ಸಂಘಕ್ಕೆ ಕೊಡುತ್ತಾರೆ. ಸಂಘದವರು ಮೊಳಕೆ ಪರೀಕ್ಷೆ ಮಾಡುತ್ತಾರೆ. ಸಾಕಷ್ಟು ಮೊಳಕೆ ಬಂದರೆ ಪಾಸು, ಬರದಿದ್ದರೆ ಇಡೀ ಲಾಟು ವಾಪಸ್ಸು.

ಅಕ್ಕನನ್ನು ಕೊಟ್ಟದ್ದು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಗೆ. ಅವಳು ಮದುವೆಯಾದ ಹೊಸದರಲ್ಲೇ ಕ್ರಾಸಿಂಗ್ ಕಲಿತು, ಈಗ ಸ್ವಂತ ನೆಟ್ಟು ಹಾಕಿದವಳು. ಹಿಂದಿನ ವರ್ಷ ಅವಳ ಟೊಮ್ಯಾಟೊ ಲಾಟಿನ ವಿಷಯಕ್ಕೆ ದೊಡ್ಡ ಜಗಳವಾಯಿತು. ಪರೀಕ್ಷೆ ನಡೆದ ಕುಷ್ಟಗಿಯ ಕಾಗದದಲ್ಲಿ ಒಂದು ಫಲಿತಾಂಶ, ಯಲಬುರ್ಗಾದ ಕಾಗದದಲ್ಲಿ ಇನ್ನೊಂದು. ಒಂದರಲ್ಲಿ ಅಂಕಿಯ ಮೇಲೆ ಅಂಕಿ ತೀಡಿತ್ತು. ಯಾರು ತೀಡಿದರು, ಯಾಕೆ ತೀಡಿದರು ಎಂಬುದು ಇವತ್ತಿಗೂ ಗೊತ್ತಿಲ್ಲ. ಕೊನೆಗೆ ಲಾಟು ವಾಪಸ್ಸಾಯಿತು. ಊರಿನಲ್ಲಿ ಯಾರೋ, "ಆಕಿ ಬೇರೆ ಬೀಜ ಮಿಕ್ಸ್ ಮಾಡ್ಯಾಳ" ಎಂದು ಆಡಿಕೊಂಡರು. ಅಕ್ಕ ಆ ಮಾತನ್ನು ನುಂಗಿಕೊಂಡಳು, ಆದರೆ ನನಗೆ ಹೇಳಿದಳು: "ಈ ವರ್ಷ ಇನ್ನೊಂದ್ ಸಲ ನೋಡ್ತೀನಿ. ಮತ್ತ ಹಿಂಗಾತಂದ್ರ ನೆಟ್ ಬಿಚ್ಚಿ ಮಡಚಿ ಇಟ್ ಬಿಡ್ತೀನಿ. ಕಳ್ಳಿ ಅನಿಸ್ಕೊಂಡು ನನಗ ಈ ಕೆಲಸ ಬ್ಯಾಡ."

ಇಂಥ ಜಗಳ ಅಕ್ಕನದು ಒಂದೇ ಆಗಿರಲಿಲ್ಲ. ಅದಕ್ಕೇ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆಯ ಸಂಘಗಳು ಸೇರಿ ಬ್ಲಾಕ್‌ಚೈನ್ ಹಾಕುವುದೆಂದು ತೀರ್ಮಾನಿಸಿದವು. ಹೆಸರು ದೊಡ್ಡದು, ಸಂಗತಿ ಸರಳ. ಒಂದೇ ದಾಖಲೆ ನಾಲ್ಕು ಊರಿನ ನಾಲ್ಕು ಕಂಪ್ಯೂಟರಿನಲ್ಲಿ ಇರುತ್ತದೆ. ಒಂದು ಕಡೆ ಬರೆದದ್ದನ್ನು ಉಳಿದವು ನೋಡಿ ಒಪ್ಪಬೇಕು, ಒಪ್ಪಿದ ಮೇಲೆ ಯಾರೂ ಅಳಿಸಲಾಗದು. ಆ ಒಂದೊಂದು ಕಂಪ್ಯೂಟರಿಗೆ ನೋಡ್ ಎನ್ನುತ್ತಾರೆ. ಕೊಪ್ಪಳದ್ದು ನಾನು ಎಬ್ಬಿಸಿದೆ. ಗಂಗಾವತಿಯದನ್ನು ನನ್ನ ಡಿಪ್ಲೊಮಾ ಗೆಳತಿ, ಕಾಲುವೆ ಕಡೆಯ ಆಂಧ್ರದವರ ಕ್ಯಾಂಪಿನವಳು, ನೋಡಿಕೊಳ್ಳುತ್ತಿದ್ದಳು. ಕುಷ್ಟಗಿಯದೂ ನಡೆಯುತ್ತಿತ್ತು. ಉಳಿದದ್ದು ಯಲಬುರ್ಗಾ. ಅಲ್ಲಿಯ ಬೆಳೆಗಾರರದು ಒಂದೇ ಮಾತು: "ನಮ್ಮೂರಾಗ ಮಷಿನ್ ಕುಂದ್ರಿಸ್ರಿ, ಆಮ್ಯಾಲೆ ನಮ್ಮ ಲಾಟ್ ತಗೋರಿ." ಬೀಜ ಆಗಲೇ ಒಣಗಿ ಚೀಲ ಸೇರುತ್ತಿತ್ತು.

ಸಂಘದ ಕಚೇರಿ ಇದ್ದದ್ದು ಯಲಬುರ್ಗಾದ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ. ಅಧ್ಯಕ್ಷರು ವಯಸ್ಸಾದವರು, ದಾಳಿಂಬೆ ತೋಟದ ಸಾಹೇಬರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಅವರೇ ಬೀಗ ತೆಗೆದು, ಮೇಜು ಒರೆಸಿ, "ಬಾ ಬೇಟಿ, ಚಾ ತರಿಸ್ತೀನಿ. ನಿನ್ನ ಮಷಿನ್ ಏಟೊತ್ತಿನಾಗ ಚಾಲೂ ಆಕೈತಿ?" ಎಂದು ಕೇಳಿದರು.

"ಮಧ್ಯಾಹ್ನ ಊಟದೊಳಗ ಆಗ್ಬೇಕ್ರಿ ಚಾಚಾ" ಎಂದೆ.

ಹಾಗೆ ನಂಬಲು ಕಾರಣವಿತ್ತು. ನೋಡನ್ನು ನಾವು ಕಂಟೇನರ್ ಒಳಗೆ ನಡೆಸುತ್ತಿದ್ದೆವು. ಅಂದರೆ ಆ ಪ್ರೋಗ್ರಾಮು, ಅದಕ್ಕೆ ಬೇಕಾದ ಎಲ್ಲ ಸರಂಜಾಮು ಒಂದೇ ಡಬ್ಬಿಯಲ್ಲಿ ತುಂಬಿ ಬರುತ್ತದೆ. ಯಾವ ಕಂಪ್ಯೂಟರಿನಲ್ಲಿ ಇಟ್ಟರೂ ಒಂದೇ ರೀತಿ ನಡೆಯಬೇಕು. ಆ ಊರಿಗೆ ಬೇಕಾದ ಕೆಲವು ವಿವರಗಳನ್ನು ಮಾತ್ರ ನಾವು ಬರೆಯಬೇಕು: ಈ ನೋಡಿನ ಹೆಸರೇನು, ಉಳಿದ ಮೂರು ಯಾವ ವಿಳಾಸದಲ್ಲಿವೆ, ಯಾವ ದಾರಿಯಿಂದ ಮಾತಾಡಬೇಕು. ಕೊಪ್ಪಳದಲ್ಲಿ ಇದನ್ನೆಲ್ಲ ಮಾಡಿದ ಕೈ ನನ್ನದೇ. ಬರೆದೆ. ಚಾಲೂ ಮಾಡಿದೆ. ಪರದೆಯ ಮೇಲೆ ಸಾಲುಗಳು ಓಡಿದವು, ನಿಂತವು. ಡಬ್ಬಿ ಸತ್ತಿತ್ತು. ಮತ್ತೆ ಎಬ್ಬಿಸಿದೆ. ಮತ್ತೆ ಸತ್ತಿತು.

ಚಾ ಆರಿತು. ನಾನು ಕೋಣೆಯಲ್ಲಿ ಓಡಾಡತೊಡಗಿದೆ. ಕೆಳಗಿನ ಗೊಬ್ಬರದ ವಾಸನೆ ಮೆಟ್ಟಿಲೇರಿ ಬರುತ್ತಿತ್ತು. ಚಾಚಾ ಕುರ್ಚಿಯಲ್ಲಿ ಕೂತು ನನ್ನ ಜೊತೆಗೇ ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ಕೊನೆಗೆ ಪರದೆಯ ಸಾಲುಗಳನ್ನು ನಿಧಾನ ಓದಿದೆ. ಡಬ್ಬಿಯ ಹೊರಗೆ ಡೇಟಾ ಇಡುವ ಫೋಲ್ಡರಿನಲ್ಲಿ ಬರೆಯಲು ತನಗೆ ಅನುಮತಿ ಇಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತಿತ್ತು. ಅಲ್ಲಿ ನಾನು ಅವಸರ ಮಾಡಿದೆ. ಅನುಮತಿ ಸರಿಪಡಿಸುವ ಬದಲು ಆ ಫೋಲ್ಡರಿನ ಸಾಲನ್ನೇ ತೆಗೆದುಹಾಕಿದೆ. ಡಬ್ಬಿ ಎದ್ದಿತು, ಸಾಯಲಿಲ್ಲ. ಉಳಿದ ನೋಡುಗಳು ಸೇರಿಸಿಕೊಳ್ಳಲಿ ಎಂದು ಅದರ ಗುರುತಿನ ಸಂಖ್ಯೆಯನ್ನು ಗಂಗಾವತಿಗೆ ಕಳಿಸಿದೆ. ನನ್ನ ಎದೆ ಹಗುರಾಯಿತು.

ಆದರೆ ಉಳಿದ ನೋಡುಗಳ ಸಂಖ್ಯೆ ತೋರಿಸುವ ಜಾಗದಲ್ಲಿ ಸೊನ್ನೆ. ನೋಡ್ ನಡೆಯುತ್ತಿತ್ತು, ಯಾರ ಜೊತೆಗೂ ಮಾತಿಲ್ಲ. ಮರುದಿನವೂ ಸೊನ್ನೆ. ಇಂಟರ್ನೆಟ್ಟಿನವರಿಗೆ ಫೋನು ಮಾಡಿದೆ. ನನ್ನ ಮೊಬೈಲಿನಿಂದ ಇಂಟರ್ನೆಟ್ ಕೊಟ್ಟು ನೋಡಿದೆ. ಡಬ್ಬಿಯನ್ನು ಅಳಿಸಿ ಹೊಸದಾಗಿ ಮಾಡಿದೆ, ಮತ್ತೆ ಅಳಿಸಿದೆ, ಮತ್ತೆ ಮಾಡಿದೆ. ನಡುವೆ ಕರೆಂಟು ಹೋಗುತ್ತಿತ್ತು. ಕರೆಂಟು ಬರುವತನಕ ಮೆಟ್ಟಿಲು ಇಳಿದು, ಬಸ್ ಸ್ಟ್ಯಾಂಡಿನ ಸುತ್ತ ತಿರುಗಿ, ಮಂಡಕ್ಕಿ ಒಗ್ಗರಣಿ ಕೊಂಡು, ಎರಡು ತುತ್ತು ತಿಂದು ಪೊಟ್ಟಣ ಮಡಚಿ ಮೇಲೆ ಬರುತ್ತಿದ್ದೆ.

ಅಕ್ಕ ತನ್ನ ಲಾಟಿನ ಚೀಲದೊಡನೆ ಬಂದದ್ದು ಆಗಲೇ. ಭಾವನ ಗಾಡಿಯ ಮೇಲೆ ಬಂದು, ಚೀಲವನ್ನು ಗೋಡೆಗೆ ಒರಗಿಸಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಚಾಲೂ ಆತೇನು?"

"ಆಗೈತಿ, ಆದ್ರ ಉಳಿದ ಊರಿಂದು ಯಾವ್ದೂ ಇದನ್ನ ಗುರ್ತ ಹಿಡಿಯವಲ್ವು."

"ಹಂಗಾದ್ರ ಆಗಿಲ್ಲ ಅನ್ನು."

ನನಗೆ ಸಿಟ್ಟು ಬಂತು. "ನೀ ಮನಿಗೆ ಹೋಗು ಅಕ್ಕಾ. ಆದಾಗ ಫೋನ್ ಹಚ್ತೀನಿ."

"ಚೀಲ ಇಲ್ಲೇ ಬಿಟ್ ಹೋಗಾಕ ನನಗ ಮನಸಿಲ್ಲ. ಹೋದ ವರ್ಷ ಬಿಟ್ ಹೋಗಿದ್ದೆ" ಎಂದಳು. ಅಷ್ಟೇ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಚಾಚಾ ಕಿಟಕಿಯ ಆಚೆ ನೋಡಿದರು. ಆ ಮಾತು ಅವರನ್ನು ಚುಚ್ಚಿತೆಂದು ನನಗೆ ಅನಿಸಿತು.

ನಾನು ಗಂಗಾವತಿಯ ಗೆಳತಿಗೆ ಫೋನು ಹಚ್ಚಿದೆ. ಅವಳ ಹಿಂದೆ ಯಾರೋ ತೆಲುಗಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. ಅವರನ್ನು ಸುಮ್ಮನಿರಿಸಿ ಅವಳು ಕೇಳಿದಳು: "ಏ, ನೀ ಅಲ್ಲಿ ಏನ್ ಮಾಡಾಕತ್ತಿ? ನನ್ನ ಕಡೆ ಯಲಬುರ್ಗಾದಿಂದ ಬರೇ ಹೊಸ ಹೊಸ ಗುರುತು ಬರಾಕತ್ತಾವ. ನೀ ಮೊದಲ ಕಳಿಸಿದ ಗುರುತು ಇವತ್ತ ಪಟ್ಟಿಗೆ ಸೇರ್ಸೀನಿ. ಉಳಿದದ್ದೆಲ್ಲಾ ಯಾರೋ ಅಪರಿಚಿತ್ರು ಅಂತ ತಿಳ್ದು ಮಷಿನ್ ಹೊರಗ ಹಾಕಾಕತ್ತೈತಿ."

ಆಗ ತಿಳಿಯಿತು. ನೋಡ್ ಮೊದಲ ಸಲ ಎದ್ದಾಗ ತನಗೊಂದು ಗುರುತು ಮಾಡಿಕೊಳ್ಳುತ್ತದೆ, ಅದನ್ನು ಡೇಟಾ ಫೋಲ್ಡರಿನಲ್ಲಿ ಬರೆದಿಡುತ್ತದೆ. ಫೋಲ್ಡರಿನ ಸಾಲನ್ನು ನಾನು ತೆಗೆದಿದ್ದರಿಂದ ಅದು ಬರೆದದ್ದೆಲ್ಲ ಡಬ್ಬಿಯ ಒಳಗೇ ಇತ್ತು. ನಾನು ಡಬ್ಬಿ ಅಳಿಸಿದಾಗಲೆಲ್ಲ ಗುರುತೂ ಅದರ ಜೊತೆಗೆ ಹೋಗುತ್ತಿತ್ತು. ನೋಡ್ ಪ್ರತಿ ಸಲವೂ ಹೊಸಬರಂತೆ ಹೋಗಿ ಬಾಗಿಲು ಬಡಿಯುತ್ತಿತ್ತು.

"ಅವಸರ ಮಾಡಬ್ಯಾಡ. ಫೋಲ್ಡರ್ ಹೊರಗ ಇಡು, ಬರಿಯಾಕ ಅನುಮತಿ ಕೊಡು, ಒಂದ ಸಲ ಎಬ್ಬಿಸು. ಆ ಗುರುತು ಕಳಿಸು. ಆಮ್ಯಾಲೆ ಕೈ ಹಚ್ಚಬ್ಯಾಡ" ಎಂದಳು ಗೆಳತಿ.

ಕೈ ಹಚ್ಚದೆ ಇರುವುದು ನನಗೆ ಎಷ್ಟು ಕಷ್ಟವೆಂದು ಅವಳಿಗೂ ಗೊತ್ತಿತ್ತು. ಫೋಲ್ಡರು ಮಾಡಿ, ಅನುಮತಿ ಕೊಟ್ಟು, ಎಬ್ಬಿಸಿ, ಗುರುತು ಕಳಿಸಿದೆ. ಅವಳು ಅದನ್ನು ಪಟ್ಟಿಗೆ ಸೇರಿಸಿ, ಕುಷ್ಟಗಿ, ಕೊಪ್ಪಳದವರಿಗೂ ಹೇಳುತ್ತೇನೆಂದಳು. ಕಾಯಬೇಕಿತ್ತು. ನಾನು ಉಗುರು ಕಚ್ಚುತ್ತಾ ಬಾಗಿಲಲ್ಲಿ ನಿಂತೆ. ಅಕ್ಕ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಪುಂಡಿಪಲ್ಲೆ ಹಾಕಿ ಚಾಚಾನಿಗೆ ಮೊದಲು ಕೊಟ್ಟಳು, ನನಗೂ ಕೊಟ್ಟಳು. ರೊಟ್ಟಿ ಕೈಯಲ್ಲಿ ಹಿಡಿದಿದ್ದಾಗಲೇ ಪರದೆಯ ಸೊನ್ನೆ ಹೋಗಿ ಒಂದು ಬಂತು. ಸ್ವಲ್ಪ ಹೊತ್ತಿನಲ್ಲಿ ಮೂರು. ಬೇಸಗೆಯಿಂದ ಬರೆದಿಟ್ಟಿದ್ದ ದಾಖಲೆಯೆಲ್ಲ ಗಂಗಾವತಿ, ಕುಷ್ಟಗಿ, ಕೊಪ್ಪಳದಿಂದ ನಮ್ಮ ನೋಡಿಗೆ ಇಳಿಯತೊಡಗಿತು.

"ಬಂತು" ಎಂದೆ.

ಯಲಬುರ್ಗಾದಿಂದ ಮೊದಲು ದಾಖಲಾದ ಲಾಟು ಅಕ್ಕನದು. ಅವಳ ಎದುರಿಗೇ ಮಾದರಿ ತೆಗೆದು, ಪೊಟ್ಟಣ ಕಟ್ಟಿ, ಮೊಹರು ಹಾಕಿದೆವು. ನಾನು ಬರೆದದ್ದು ನಾಲ್ಕೂ ಕಡೆ ಸೇರಿತು ಎಂದು ಪರದೆ ತೋರಿಸಿದೆ. ಅವಳು ಹತ್ತಿರ ಬಂದು ಬಗ್ಗಿ ನೋಡಿ, "ಈಗ ಇದನ್ನ ಯಾರೂ ತಿದ್ದಾಕ ಬರಂಗಿಲ್ಲ ಹೌದಲ್ಲ?" ಎಂದಳು.

"ನಾನೂ ತಿದ್ದಾಕ ಬರಂಗಿಲ್ಲ."

ಅವತ್ತು ಅವಳು ನಗುತ್ತಾ ಗಾಡಿ ಹತ್ತಿದಳು. ಹೋದ ವರ್ಷದಿಂದ ನಾನು ಆ ನಗು ನೋಡಿರಲಿಲ್ಲ.

ಮೊಳಕೆ ಪರೀಕ್ಷೆಗೆ ಎರಡು ವಾರ ಬೇಕು. ಆ ಎರಡು ವಾರ ನಾನು ಕೊಪ್ಪಳದಲ್ಲೇ ಇದ್ದೆ. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಯಲಬುರ್ಗಾದ ನೋಡ್ ಜೀವಂತ ಇದೆಯೇ ಎಂದು ನೋಡುವುದು, ಹಲ್ಲುಜ್ಜಿ ಬಂದು ಮತ್ತೆ ನೋಡುವುದು. ನಾನು ಯಲಬುರ್ಗಾಕ್ಕೆ ಹೋಗುವ ಕೆಲವು ದಿನ ಮೊದಲು ಅವ್ವನಿಗೆ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ಕಪ್ಪು ಕನ್ನಡಕದೊಳಗಿಂದ ಅವಳು, "ಆ ಫೋನ್ ಏನ್ ಓಡಿ ಹೊಕ್ಕೈತೇನು? ಒಂದೀಟು ಕೆಳಗಿಡು" ಎನ್ನುತ್ತಿದ್ದಳು.

ಕುಷ್ಟಗಿಯಿಂದ ಫಲಿತಾಂಶ ದಾಖಲಾದ ದಿನ ನಾನು ಯಲಬುರ್ಗಾದಲ್ಲಿದ್ದೆ. ಅಕ್ಕನ ಲಾಟಿನ ಮುಂದೆ ಹೊಸ ಸಾಲು ಬಂತು. ಓದಿದೆ. ಇನ್ನೊಂದು ಸಲ ಓದಿದೆ. ಮೊಳಕೆ ಸಾಲದು. ಫೇಲು.

ಕುಷ್ಟಗಿಗೆ ಫೋನು ಮಾಡಿದೆ. ಪರೀಕ್ಷೆ ಮಾಡಿದ ಹೆಣ್ಣುಮಗಳು ಬೇಸರ ಮಾಡಿಕೊಳ್ಳದೆ ಮೊಳಕೆ ಕಾಗದದ ಫೋಟೊ ಕಳಿಸಿದಳು. ಒದ್ದೆ ಕಾಗದದ ಮೇಲೆ ಸಾಲಾಗಿ ಬೀಜ. ಕೆಲವು ಬಿಳಿ ಬೇರು ಬಿಟ್ಟಿದ್ದವು, ಬಹಳಷ್ಟು ಕಪ್ಪಾಗಿ ಹಾಗೇ ಬಿದ್ದಿದ್ದವು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಅಕ್ಕನಿಗೆ ಅನ್ಯಾಯವಾಗದಿರಲಿ ಎಂದು ನಾನು ಹಟ ಹಿಡಿದು ಎಬ್ಬಿಸಿದ ಯಂತ್ರ, ಅವಳ ಲಾಟು ಫೇಲು ಎಂಬುದನ್ನು ನಾಲ್ಕು ಊರಿನಲ್ಲಿ ಬರೆದುಕೊಂಡು ಕೂತಿತ್ತು.

ಚಾಚಾ ನನ್ನ ಮುಖ ನೋಡಿಯೇ ಕೇಳಿದರು, "ನಿಮ್ಮ ಅಕ್ಕಂದೇನು?"

"ಹೌದ್ರಿ."

ಅವರು ಬಾಗಿಲನ್ನು ಅರ್ಧ ಮುಂದೆ ಮಾಡಿ, ದನಿ ಇಳಿಸಿದರು. "ಬೇಟಿ, ಇನ್ನೂ ಯಾರೂ ನೋಡಿಲ್ಲ. ಸ್ವಲ್ಪ ಆಚೆ ಈಚೆ ಮಾಡಾಕ ಬರ್ತೈತೇನು? ಹೋದ ವರ್ಷ ಆ ಹುಡುಗಿ ಭಾಳ ನೊಂದಾಳ. ನನ್ನ ಕೈಲಿ ಆಗ ಏನೂ ಮಾಡಾಕ ಆಗಲಿಲ್ಲ."

ಅವರಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ. ಅದೇ ನನ್ನನ್ನು ಇನ್ನಷ್ಟು ತಳಮಳಗೊಳಿಸಿತು. ಹೋದ ವರ್ಷದ ಕಾಗದದಲ್ಲಿ ಅಂಕಿ ತೀಡಿದವರೂ ಇಂಥದೇ ಯಾವುದೋ ಕರುಣೆಯಿಂದ ತೀಡಿದ್ದಿರಬಹುದು, ಇನ್ಯಾರದೋ ಮೇಲಿನ ಕರುಣೆಯಿಂದ. "ಬರಂಗಿಲ್ರಿ ಚಾಚಾ. ಈ ಮಷಿನ್ ಬಂದ್ ಮಾಡಿದ್ರ ನಮಗ ಕಾಣಂಗಿಲ್ಲ ಅಷ್ಟ. ಉಳಿದ ಮೂರೂ ಕಡೆ ಇರ್ತೈತಿ."

ಅವರು ಬಾಗಿಲು ಮತ್ತೆ ಪೂರ್ತಿ ತೆರೆದರು. "ಹಂಗಾದ್ರ ಛಲೋ ಆತು" ಎಂದರು. ಯಾಕೆ ಹಾಗೆ ಅಂದರೋ ನಾನು ಕೇಳಲಿಲ್ಲ.

ಫೋನಿನಲ್ಲಿ ಹೇಳಲು ಮನಸ್ಸಾಗದೆ ಅಕ್ಕನ ಊರಿಗೇ ಹೋದೆ. ಅವಳು ನೆಟ್ಟಿನೊಳಗೆ ಹಳೆಯ ಗಿಡಗಳನ್ನು ಕಿತ್ತು ಗುಡ್ಡೆ ಹಾಕುತ್ತಿದ್ದಳು. ನನ್ನನ್ನು ಕಂಡು ಸೊಂಟ ನೆಟ್ಟಗೆ ಮಾಡಿ ನಿಂತಳು. ದಾರಿಯಲ್ಲಿ ಏನೇನೋ ಸುತ್ತಿ ಬಳಸಿ ಹೇಳಬೇಕೆಂದುಕೊಂಡಿದ್ದೆ. "ಫೇಲ್ ಆಗೈತಿ ಅಕ್ಕಾ" ಎಂದುಬಿಟ್ಟೆ.

"ಖರೇನ?"

ಫೋಟೊ ತೋರಿಸಿದೆ. ಅವಳು ಕೈಯ ಮಣ್ಣು ಸೀರೆಗೆ ಒರೆಸಿ ಮೊಬೈಲು ಹಿಡಿದು, ಬೆರಳಿನಿಂದ ದೊಡ್ಡದು ಮಾಡಿ, ಒಂದೊಂದೇ ಬೀಜ ನೋಡಿದಳು. ಅವಳು ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ. ಎರಡೂ ಆಗಲಿಲ್ಲ.

"ಕರ್ರಗ ಆಗ್ಯಾವ. ಡ್ರಮ್ಮಿನ್ಯಾಗ ಹೆಚ್ಚ ಹೊತ್ತು ಉಳದಾವ" ಎಂದಳು.

ಟೊಮ್ಯಾಟೊ ಹಣ್ಣು ತುಳಿದು ಬೀಜದ ತಿರುಳನ್ನು ಡ್ರಮ್ಮಿನಲ್ಲಿ ಒಂದು ದಿನ ಹುಳಿಯಲು ಬಿಡುತ್ತಾರೆ, ಆಮೇಲೆ ತಡಮಾಡದೆ ತೊಳೆಯಬೇಕು. ಕೊನೆಯ ಕೊಯ್ಲಿನ ತಿರುಳು ಡ್ರಮ್ಮಿನಲ್ಲಿದ್ದಾಗ ಅಕ್ಕ ಊರಿನಲ್ಲಿರಲಿಲ್ಲ. ಅವ್ವನ ಕಣ್ಣಿನ ಆಪರೇಶನ್ನಿಗೆಂದು ಕೊಪ್ಪಳದಲ್ಲಿದ್ದಳು. ಒಂದೇ ದಿನ ಇದ್ದು ಹೋಗುವವಳು, ನಾನು ನೋಡಿನ ಕೆಲಸವೆಂದು ಹೊರಗೇ ಇದ್ದುದರಿಂದ ಇನ್ನೂ ಉಳಿದಿದ್ದಳು. ಭಾವ ತೊಳೆದಿರುತ್ತಾನೆಂದು ಅವಳು, ಅವಳು ಬಂದು ತೊಳೆಯುತ್ತಾಳೆಂದು ಭಾವ.

ನಾನು ಅದನ್ನು ಲೆಕ್ಕ ಹಾಕುತ್ತಿದ್ದೇನೆಂದು ಅವಳಿಗೆ ತಿಳಿಯಿತು. "ನೀ ಏನೂ ಯೋಚ್ನಿ ಮಾಡಬ್ಯಾಡ. ಅವ್ವನ ಕಣ್ಣು ಮತ್ತ ಬರ್ತಿತ್ತೇನು? ಬೀಜ ಮತ್ತ ಬರ್ತಾವ" ಎಂದಳು. ಆಮೇಲೆ, "ಮೊದ್ಲಿನ ಕೊಯ್ಲಿನವು ಹಂಗಾಗಿರಾಕಿಲ್ಲ. ಚೀಲದೊಳಗ ಅವನ್ನ ಬ್ಯಾರೆ ಗಂಟು ಕಟ್ಟೀನಿ, ಎಲ್ಲಾ ಸೇರ್ಸಿ ಒಂದ ಲಾಟ್ ಅಂತ ಕೊಟ್ಟಿದ್ವಿ. ಬ್ಯಾರೆ ಬ್ಯಾರೆ ಟೆಸ್ಟ್ ಮಾಡಾಕ ಬರ್ತೈತೇನು?"

ಬರುತ್ತಿತ್ತು. ಹಳೆಯ ಸಾಲು ಅಳಿಯುವುದಿಲ್ಲ, ಅದರ ಕೆಳಗೆ ಹೊಸ ಸಾಲು ಸೇರಿಸಬಹುದು. ಚಾಚಾ ಸಭೆ ಕರೆದು ಕೇಳಿದರು. ಕೊಯ್ಲುಗಳನ್ನು ಬೇರೆ ಮಾಡಿ ಮಾದರಿ ಕಳಿಸಲು ಯಾರೂ ಅಡ್ಡಿ ಮಾಡಲಿಲ್ಲ. ಹೋದ ವರ್ಷ ಮಿಕ್ಸ್ ಎಂದು ಆಡಿಕೊಂಡವರಲ್ಲಿ ಒಬ್ಬ ಆ ಸಭೆಯಲ್ಲಿದ್ದ. ಅಕ್ಕ ಎದ್ದು ನಿಂತು, ಡ್ರಮ್ಮಿನ ವಿಷಯವನ್ನು ತಾನೇ ಎಲ್ಲರಿಗೂ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ. ನಾನು ಹಿಂದಿನ ಸಾಲಿನಲ್ಲಿ ಕೂತು, ಎದ್ದು, ಕೂತು ಮಾಡುತ್ತಿದ್ದೆ.

ಮೊದಲ ಕೊಯ್ಲುಗಳು ಪಾಸಾದವು, ಕೊನೆಯದು ಮತ್ತೆ ಫೇಲು. ಕಪ್ಪಾದ ಬೀಜವನ್ನು ಅಕ್ಕ ತಿಪ್ಪೆಗೆ ಸುರಿದಳು. ಅಧ್ಯಕ್ಷರ ಕಚೇರಿಯಲ್ಲಿ ಕೂತು ಯಂತ್ರ ಎಬ್ಬಿಸಿದವಳ ಸ್ವಂತ ಅಕ್ಕನ ಲಾಟನ್ನೇ ಅದು ಬಿಡಲಿಲ್ಲ ಎಂಬ ಸುದ್ದಿ ಹಳ್ಳಿಗಳಿಗೆ ಹೋಯಿತು. ಅಲ್ಲಿಯತನಕ ಚೀಲ ತರಲು ಹಿಂದೆ ಮುಂದೆ ನೋಡುತ್ತಿದ್ದವರು ತರತೊಡಗಿದರು. ಚಾಚಾನಿಗೆ ಅದು ದೊಡ್ಡ ಖುಷಿ. ನನಗೆ ಖುಷಿಪಡಲು ಒಂದಿಷ್ಟು ದಿನ ಹಿಡಿಯಿತು. ಅಕ್ಕ ಕೆಲವು ವಾರ ಫೋನು ಕಡಿಮೆ ಮಾಡಿದಳು.

ಅವ್ವನ ಕನ್ನಡಕ ತೆಗೆದ ಮೇಲೆ, ಹುಲಿಗಿಯ ಗುಡಿಗೆ ಹೋಗಿ ಬರೋಣವೆಂದು ಅಕ್ಕನೇ ಫೋನು ಮಾಡಿದಳು. ಮಂಗಳವಾರವಾದ್ದರಿಂದ ಜನ ತುಂಬಿದ್ದರು. ಹುಲಿಗೆಮ್ಮನಿಗೆ ಹಣ್ಣುಕಾಯಿ ಮಾಡಿಸಿ, ಹೊಳೆಯ ಮೆಟ್ಟಿಲಿನ ಮೇಲೆ ಮೂವರೂ ಕೂತೆವು. ಅವ್ವ ಆಚೆ ದಂಡೆಯ ಗಿಡಗಳನ್ನು ಬೆರಳು ಮಾಡಿ ಎಣಿಸುತ್ತಿದ್ದಳು. ಅಕ್ಕ ಹೊಸ ಹಂಗಾಮಿಗೆ ನೆಟ್ಟು ಹೊಲಿಸಲು ಕೊಟ್ಟಿದ್ದನ್ನು, ಈ ಸಲ ಡ್ರಮ್ಮು ತೊಳೆಯುವ ಕೆಲಸಕ್ಕೆ ನೆರೆಮನೆಯವಳನ್ನು ಗೊತ್ತು ಮಾಡಿದ್ದನ್ನು ಹೇಳಿದಳು.

ನಾನು ಕೇಳುತ್ತಲೇ ಮೊಬೈಲು ತೆಗೆದೆ. ಕುಷ್ಟಗಿಯ ನೋಡ್ ಬಿದ್ದಿತ್ತು. ಎದ್ದು ನಿಂತೆ.

"ಏನಾತು?" ಎಂದಳು ಅಕ್ಕ.

"ಕುಷ್ಟಗಿಂದು ಬಂದ್ ಆಗೈತಿ. ಕರೆಂಟ್ ಹೋಗಿರ್ಬೇಕು. ಇಲ್ಲಾಂದ್ರ ಬ್ಯಾರೆ ಏನರ."

"ಉಳಿದವು ಅದಾವಲ್ಲ?"

"ಅದಾವು."

"ಮತ್ತ ಕುಂದ್ರು."

ಕುಂತೆ. ಹೊಳೆಯ ಕಡೆ ನೋಡಲು ಪ್ರಯತ್ನಪಟ್ಟೆ. ಅವ್ವ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿ ಹಿಡಿದಳು, ಚಿಕ್ಕಂದಿನಲ್ಲಿ ಹೇನು ನೋಡುವಾಗ ಹಿಡಿಯುತ್ತಿದ್ದ ಹಾಗೆ. ಆ ಕೈಯ ಕೆಳಗೆ ನನ್ನ ಕಾಲು ಅಲುಗುತ್ತಲೇ ಇತ್ತು.